ಎರಡನೇ ಚಿಲಕ

ನನ್ನ ಹತ್ತಿರ ಸುತ್ತಿಗೆಯೋ ಏಣಿಯೋ ಕೇಳಲು ಬರುವವರಿಗೆ ನಾನು ಹಾಕುತ್ತಿದ್ದ ಷರತ್ತು ಒಂದೇ. ವಾಪಸು ತರುವಾಗ ಅದರಿಂದ ಏನು ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು, ಅದಕ್ಕೇ ದಾರದಿಂದ ಕಟ್ಟಿ ಕೊಡಬೇಕು. ದುಡ್ಡು ಬೇಡ, ಹಣ್ಣುಹಂಪಲು ಬೇಡ, ನಿಮ್ಮಿಂದ ತುಂಬಾ ಉಪಕಾರವಾಯಿತು ಎನ್ನುವ ಮಾತಂತೂ ಬೇಡವೇ ಬೇಡ. ಏನು ಮಾಡಿದಿರಿ, ಅಷ್ಟು ಹೇಳಿ ಸಾಕು. ಬರೆಯದೆ ತಂದವರಿಗೆ ಮುಂದಿನ ಸಲ ಬಾಗಿಲು ತೆರೆಯುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಕಟ್ಟಡಕ್ಕೆ ಗೊತ್ತು. ನಾನೂ ಆ ಹೆಸರನ್ನು ಕೆಡಿಸಿಕೊಳ್ಳಲು ಹೋಗಿಲ್ಲ.

ಈ ಷರತ್ತು ಹುಟ್ಟಿದ್ದು ನಮ್ಮ ಯಜಮಾನರಿಂದ. ಅವರು ಬಡಗಿ. ನಲವತ್ತು ವರ್ಷ ದಿನಾ ಸಂಜೆ ಮನೆಗೆ ಬಂದು, ಎಣ್ಣೆ ಬಟ್ಟೆಯಿಂದ ಒಂದೊಂದೇ ಹತಾರ ಒರೆಸುತ್ತಾ, ಅದು ಅವತ್ತು ಏನು ಮಾಡಿತು ಎಂದು ನನಗೆ ಹೇಳುತ್ತಿದ್ದರು. "ಈ ಉಳಿ ಇವತ್ತು ಒಂದು ತೊಟ್ಟಿಲು ಮುಗಿಸ್ತು ಕಣೇ." "ಈ ಗರಗಸಕ್ಕೆ ಇವತ್ತು ಅದೇನು ಸಿಟ್ಟೋ, ಎರಡು ಹಲಗೆ ಹಾಳು ಮಾಡ್ತು." ಕೆಲಸವೆಲ್ಲ ಹತಾರಗಳೇ ಮಾಡಿದಂತೆ, ತಾವು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿದಂತೆ ಅವರ ಮಾತು. ನಾನು ತರಕಾರಿ ಹೆಚ್ಚುತ್ತಾ ಹೂಂ ಎನ್ನುತ್ತಿದ್ದೆ. ಅರ್ಧ ಕಿವಿಗೆ ಬೀಳುತ್ತಿತ್ತು, ಅರ್ಧ ಬಾಣಲೆಯ ಸದ್ದಿನಲ್ಲಿ ಹೋಗುತ್ತಿತ್ತು. ಅವರು ಹೋದ ಮೇಲೆ ಗೊತ್ತಾಯಿತು, ನನ್ನ ದಿನ ಮುಗಿಯುತ್ತಿದ್ದದ್ದು ಆ ಮಾತುಗಳಿಂದ ಎಂದು. ಆಮೇಲಿನ ಆರು ತಿಂಗಳು ಒಂದು ದಿನವೂ ಸರಿಯಾಗಿ ಮುಗಿಯಲಿಲ್ಲ.

ಅವರ ಹತಾರಗಳೆಲ್ಲ ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯ ಹಸಿರು ಬೀರುವಿನಲ್ಲಿದ್ದವು. ಕಟ್ಟಡದ ಬಾಗಿಲುಗಳನ್ನೆಲ್ಲ ಮಾಡಿಕೊಟ್ಟದ್ದಕ್ಕೆ ಮನೆ ಒಡೆಯ ಆ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದ. ಒಂದು ದಿನ ಎರಡನೇ ಮಹಡಿಯ ಡ್ರೈವಿಂಗ್ ಮೇಷ್ಟ್ರು ಬಂದು ಏಣಿ ಕೇಳಿದರು. ಊರಿನವರಿಗೆಲ್ಲ ಕಾರು ಕಲಿಸುವ ಮನುಷ್ಯ, ಬಾಯಿ ಮಾತ್ರ ಯಾವತ್ತೂ ನಾಲ್ಕನೇ ಗೇರಿನಲ್ಲೇ. ಮಾರನೆಯ ದಿನ ಏಣಿ ಹೊತ್ತು ತಂದಾಗ ನನ್ನ ಬಾಯಿಂದ ತಾನಾಗಿಯೇ ಬಂತು: "ಏನು ಮಾಡಿದ್ರಿ ಇದ್ರಿಂದ?"

"ಮಗಳ ಕೋಣೆ ಸೂರಿಗೆ ನಕ್ಷತ್ರ ಅಂಟಿಸಿದೆ ಅಕ್ಕ. ದೀಪ ಆರಿಸಿದ್ರೆ ಹೊಳೆಯುತ್ತಲ್ಲ, ಅಂಥವು. ಮೂವತ್ತೆರಡು."

ಅವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ. ಮಾರನೆಯ ಬೆಳಿಗ್ಗೆ ಹಳೇ ರಟ್ಟಿನ ಡಬ್ಬಗಳನ್ನು ಬೆರಳುದ್ದ ಚೀಟಿಗಳಾಗಿ ಕತ್ತರಿಸಿ, ತೂತು ಹಾಕಿ, ದಾರ ಕಟ್ಟಿ, ಬೀರುವಿನ ಬಾಗಿಲಿಗೆ ನೇತುಹಾಕಿದೆ.

ಹೀಗೆ ಶುರುವಾಯಿತು. ಹನ್ನೆರಡು ಮನೆ, ನಾಲ್ಕು ಮಹಡಿ. ಡ್ರಿಲ್, ರಸಮಟ್ಟ, ಇಕ್ಕಳ, ಸ್ಪ್ಯಾನರುಗಳು ಎಲ್ಲ ಮನೆಗಳನ್ನೂ ಸುತ್ತಿ ಬಂದವು. ಬಂದ ಚೀಟಿಗಳನ್ನು ನಾನು ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಸಂಜೆ ಅಡುಗೆಮನೆಯ ಮೇಜಿಗೆ ಎರಡೋ ಮೂರೋ ತೆಗೆದುಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಡ್ರೈವಿಂಗ್ ಮೇಷ್ಟ್ರ ಚೀಟಿಯಿದ್ದರೆ ಕೊನೆಗೆ ಉಳಿಸಿಕೊಳ್ಳುತ್ತಿದ್ದೆ, ಸಿಹಿ ಉಳಿಸಿಕೊಂಡ ಹಾಗೆ. 'ಮಗಳ ಉಯ್ಯಾಲೆಗೆ ಕೊಂಡಿ ಹಾಕಿದೆ.' 'ಮಗಳಿಗೆ ಗಿಣಿ ಗೂಡು ಮಾಡಿಕೊಟ್ಟೆ, ಗಿಣಿಯ ಬದಲು ಗೊಂಬೆ ಕೂರಿಸಿದ್ದಾಳೆ.' ನಾನು ಒಬ್ಬಳೇ ಕೂತು ನಗುತ್ತಿದ್ದೆ.

ಮೂರನೇ ಮಹಡಿಗೆ ಟೈಲರ್ ಬಂದದ್ದು ಎರಡು ವರ್ಷದ ಹಿಂದೆ. ಮೂವತ್ತೈದರ ಹೆಂಗಸು, ಒಂಟಿ, ಒಂದು ಹೊಲಿಗೆ ಮಷಿನ್ನು, ಎರಡು ಸೂಟ್‌ಕೇಸು. ಮಾತು ಅಳೆದು ಕತ್ತರಿಸಿದಷ್ಟೇ. ಬಂದ ತಿಂಗಳಲ್ಲೇ ಮೆಟ್ಟಿಲ ಕಿಟಕಿಗೆ ಯಾರೂ ಕೇಳದೆ ಒಂದು ಪರದೆ ಹೊಲಿದು ಹಾಕಿದಳು. ಬಿಸಿಲು ನೇರ ನಿಮ್ಮ ಬಾಗಿಲಿಗೆ ಹೊಡೆಯುತ್ತೆ, ಅದಕ್ಕೆ ಅಂದಳು. ಅಂಚಿನ ಹೊಲಿಗೆ ಎಷ್ಟು ಸಣ್ಣದು ಎಂದರೆ ಕನ್ನಡಕ ಹಾಕಿಕೊಂಡು ಹುಡುಕಬೇಕು.

ಎಷ್ಟೋ ತಿಂಗಳು ಕಳೆದ ಮೇಲೆ ಅವಳು ನನ್ನ ಹತ್ತಿರ ಮೊದಲು ಕೇಳಿದ್ದು ಡ್ರಿಲ್ಲು ಮತ್ತು ದೊಡ್ಡ ಸ್ಕ್ರೂಡ್ರೈವರು. ಒಂದು ಗಂಟೆಯಲ್ಲಿ ತಂದುಕೊಟ್ಟಳು. ಚೀಟಿ ಮಾತ್ರ ಹತಾರಕ್ಕೆ ಕಟ್ಟಿರಲಿಲ್ಲ. ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದಳು.

"ಇದನ್ನ ಯಾರಿಗೂ ತೋರಿಸ್ಬೇಡಿ ಅಮ್ಮ. ನೀವೊಬ್ರೇ ಓದಿ."

ಅಕ್ಷರ ನೋಡಿದರೆ ಟೈಲರ್ ಕೈ ಎಂದು ಗೊತ್ತಾಗುತ್ತಿತ್ತು. ಓರೆಯಾಗಿ, ಅವಸರದಲ್ಲಿ, ಸಾಲಿನ ಕೊನೆಗೆ ಒಂದು ಉದ್ದ ಗೆರೆ ಎಳೆದು ನಿಲ್ಲಿಸಿದ ಬರಹ. 'ಬಾಗಿಲಿಗೆ ಒಳಗಡೆಯಿಂದ ಎರಡನೇ ಚಿಲಕ ಹಾಕಿಕೊಂಡೆ. ಈಗ ನಿದ್ದೆ ಬರುತ್ತೆ.'

ಒಳಗೆ ಕರೆದು ಕಾಫಿ ಕೊಟ್ಟೆ. ಅವಳೇ ಒಂದೊಂದು ಎಳೆ ಬಿಡಿಸಿದಳು. ಗಂಡ ಕಟಿಂಗ್ ಮಾಸ್ಟರ್. ಇಬ್ಬರೂ ಒಂದೇ ಅಂಗಡಿಯಲ್ಲಿದ್ದರು. ಅವಳು ಗಿರಾಕಿಗಳ ಅಳತೆ ಬರೆದುಕೊಡುವುದು, ಅವನು ಚೀಟಿ ನೋಡಿ ಬಟ್ಟೆ ಕತ್ತರಿಸುವುದು. ಹನ್ನೊಂದು ವರ್ಷ. ಬಟ್ಟೆಯ ಮೇಲೆ ಅಷ್ಟು ನಾಜೂಕಾಗಿ ಓಡುತ್ತಿದ್ದ ಕೈ ಮನೆಯಲ್ಲಿ ಹೇಗಿತ್ತು ಎನ್ನುವುದಕ್ಕೆ ಅವಳು ಸೆರಗು ಸರಿಸಿ ಭುಜ ತೋರಿಸಿದಳು. ಸುಟ್ಟ ಗುರುತು, ಇಸ್ತ್ರಿ ಪೆಟ್ಟಿಗೆಯ ಮೂತಿಯದು.

"ಇದು ನನಗೆ ಮೂರನೇ ಊರು ಅಮ್ಮ. ಎರಡು ಸಲ ಹುಡುಕ್ಕೊಂಡು ಬಂದ. ಇಲ್ಲಿಗೆ ಬಂದು ಎಂಟು ತಿಂಗಳಾಯ್ತು, ಇನ್ನೂ ಬಂದಿಲ್ಲ."

"ಪೊಲೀಸ್ನೋರು?"

"ಬರ್ಕೋತಾರೆ."

ಆ ಚೀಟಿಯನ್ನು ನಾನು ಡಬ್ಬಿಯ ತಳದಲ್ಲಿಟ್ಟೆ. ಬೇರೆ ಚೀಟಿಗಳನ್ನು ಒಂದು ಸಲ ಓದಿದರೆ ಮುಗಿಯಿತು. ಇದನ್ನು ಎಷ್ಟೋ ಸಲ ತೆಗೆದು ಓದಿದ್ದೇನೆ. ನಮ್ಮವರ ಸ್ಕ್ರೂಡ್ರೈವರು ಒಬ್ಬಳಿಗೆ ನಿದ್ದೆ ತಂದುಕೊಟ್ಟಿತು ಎನ್ನುವುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಆ ಹೆಮ್ಮೆಯೇ ಆಮೇಲೆ ನನ್ನ ತಲೆಗೇರಿತು.

ಇನ್ನು ನನ್ನ ತಂಗಿಯ ಮಗಳ ವಿಷಯ. ನಮಗೆ ಮಕ್ಕಳಿಲ್ಲ. ಅವಳು ಹೈಸ್ಕೂಲು ಓದಿದ್ದು ನಮ್ಮ ಮನೆಯಲ್ಲಿ ಇದ್ದುಕೊಂಡು. ಚಿಕ್ಕಂದಿನಲ್ಲಿ ಎಲ್ಲದಕ್ಕೂ ಯಾಕೆ, ಯಾಕೆ ಎಂದು ಪ್ರಾಣ ತಿನ್ನುತ್ತಿದ್ದಳು. ಮರಕ್ಕೆ ಗಂಟು ಯಾಕೆ, ಮೊಳೆಗೆ ತಲೆ ಯಾಕೆ. ನಮ್ಮವರು ಅವಳಿಗೆ ಯಾಕೆಪುಟ್ಟಿ ಎಂದು ಹೆಸರಿಟ್ಟರು. ದೊಡ್ಡವಳಾದ ಮೇಲೆ ಅದೇ ಅವಳ ಉದ್ಯೋಗವಾಯಿತು. ಯಾವುದೋ ಕಂಪನಿಗೆ ಸೇರಿ, ಜನ ಯಾಕೆ ಕೊಳ್ಳುತ್ತಾರೆ, ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿಕೊಂಡು ಓಡಾಡುತ್ತಿದ್ದಳು. ಅದಕ್ಕೂ ಸಂಬಳ ಕೊಡುತ್ತಾರೆ.

ಕಳೆದ ವರ್ಷ ಒಂದು ಭಾನುವಾರ ಬಂದಳು. ಕೈಯಲ್ಲಿ ಪ್ರಶ್ನೆಗಳ ಹಾಳೆ.

"ದೊಡ್ಡಮ್ಮ, ನಮ್ಮ ಕಂಪನಿಯೋರು ಹೊಸ ಆ್ಯಪ್ ಮಾಡ್ತಿದಾರೆ. ಜನ ವಸ್ತು ಕೊಂಡ್ಕೊಳ್ಳೋ ಬದಲು ಹಂಚ್ಕೊಂಡು ಬಳಸೋದು. ನೀವು ಎಂಟು ವರ್ಷದಿಂದ ಮಾಡ್ತಿರೋದೇ ಇದು. ನಿಮ್ಮ ಕಟ್ಟಡದೋರನ್ನ ಸ್ವಲ್ಪ ಮಾತಾಡಿಸ್ಬೇಕು."

ನನಗೆ ಎಷ್ಟು ಸಂತೋಷವಾಯಿತು ಎಂದರೆ ನಾನೇ ಬಾಗಿಲಿಂದ ಬಾಗಿಲಿಗೆ ಕರೆದುಕೊಂಡು ಹೋದೆ. ನನ್ನ ತಂಗಿ ಮಗಳು, ಮನೆ ಹುಡುಗಿ, ಏನು ಕೇಳಿದರೂ ಸಂಕೋಚ ಪಡಬೇಡಿ ಎಂದೆ. ಟೈಲರ್ ಬಾಗಿಲು ಮಾತ್ರ ತಟ್ಟಲಿಲ್ಲ. ಅಷ್ಟು ಬುದ್ಧಿ ಅವತ್ತು ಮಧ್ಯಾಹ್ನದವರೆಗೆ ನನಗಿತ್ತು.

ಊಟವಾದ ಮೇಲೆ ಅವಳು ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡಳು. ನೀವು ವಸ್ತುಗಳನ್ನು ಏಕೆ ಹಂಚಿಕೊಂಡು ಬಳಸುತ್ತೀರಿ ಎಂಬ ಪ್ರಶ್ನೆಯ ಕೆಳಗೆ ನಾಲ್ಕು ಚೌಕ. ಹಣ ಉಳಿತಾಯ. ಅನುಕೂಲ. ಪರಿಸರ ಕಾಳಜಿ. ನೆರೆಹೊರೆಯ ಒಡನಾಟ.

"ನೋಡಿ ದೊಡ್ಡಮ್ಮ. ಒಡನಾಟ ಅಂತ ಬಹಳ ಜನ ಟಿಕ್ ಮಾಡಿದಾರೆ. ಆದ್ರೆ ಮಾತಾಡಿಸಿದ್ರೆ ಅದು ಹಾಗಿಲ್ಲ. ಪುಕ್ಕಟೆ ಸಿಗುತ್ತೆ, ಹತ್ರ ಇದೆ. ಅಷ್ಟೇ. ಪರಿಸರ, ಒಡನಾಟ ಇದೆಲ್ಲ ಬಾಯಿ ಮಾತು. ಎಲ್ಲಾ ಕಡೆ ಹೀಗೇ ಇರುತ್ತೆ."

"ನಮ್ಮ ಕಟ್ಟಡದಲ್ಲಿ ಹಾಗಿಲ್ಲ."

"ಇಲ್ಲೂ ಹಾಗೇ ಇದೆ ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ. ಒಬ್ರು ಹೇಳಿದ್ರು, ಆ ಚೀಟಿ ಬರೆಯೋ ರಗಳೆ ಒಂದು ಇಲ್ದಿದ್ರೆ ಇನ್ನೂ ಚೆನ್ನಾಗಿತ್ತು ಅಂತ."

ನನ್ನ ಪಿತ್ತ ನೆತ್ತಿಗೇರಿತು. ಯಾರು ಹಾಗೆಂದದ್ದು ಎಂದು ಕೇಳಿದೆ, ಹೇಳಲಿಲ್ಲ. ಹೆಸರು ಹೇಳುವುದು ಅವರ ಕೆಲಸದ ನಿಯಮಕ್ಕೆ ವಿರುದ್ಧವಂತೆ. ಆ ನಿಯಮದ ಮಾತನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದೆ. ಚೀಟಿಗಳನ್ನು ಹಿಡಿಹಿಡಿಯಾಗಿ ತೆಗೆದು ಅವಳ ಮುಂದೆ ಹಾಕಿದೆ. ಅವಳು ಒಂದೊಂದು ನೋಡಿ ಮುಗುಳ್ನಕ್ಕಳು. ಮುದ್ದಾಗಿದೆ ದೊಡ್ಡಮ್ಮ, ಎಂದಳು. ಮುದ್ದಾಗಿದೆಯಂತೆ. ಆಗ ನಾನು ತಳಕ್ಕೆ ಕೈ ಹಾಕಿ ಮಡಚಿದ ಆ ಚೀಟಿ ತೆಗೆದೆ.

"ಇದನ್ನ ಓದು. ಇದು ನಿನ್ನ ಯಾವ ಚೌಕಕ್ಕೆ ಬರುತ್ತೆ ಹೇಳು."

ಅವಳು ಓದಿದಳು. ನಗು ನಿಂತಿತು. ಯಾರು ಎಂದು ಕೇಳಿದಳು, ಹೇಳಲಿಲ್ಲ. ಯಾಕೆ ಎಂದು ಕೇಳಿದಳು. ಅದನ್ನು ಹೇಳಿದೆ. ಅಂಗಡಿ, ಇಸ್ತ್ರಿ ಪೆಟ್ಟಿಗೆ, ಮೂರು ಊರು, ಎಲ್ಲ. ವಾದದಲ್ಲಿ ಗೆದ್ದ ಉತ್ಸಾಹದಲ್ಲಿ ನನ್ನ ನಾಲಿಗೆಗೆ ಎಲುಬೇ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಅದು ನಾಟಕವಲ್ಲ, ಇವತ್ತಿಗೂ ಆ ಮಾತು ಹೇಳುತ್ತೇನೆ.

"ಒಂದು ಫೋಟೋ ತಗೊಳ್ಲಾ ದೊಡ್ಡಮ್ಮ? ನನಗೋಸ್ಕರ. ಯಾರಿಗೂ ತೋರ್ಸಲ್ಲ."

ತೆಗೆದುಕೊಂಡಳು. ಹೊರಡುವಾಗ ಡಬ್ಬಿಯನ್ನೂ ಒಂದು ವಾರಕ್ಕೆ ಕೇಳಿದಳು. ಟೈಲರ್ ಚೀಟಿಯನ್ನು ಎತ್ತಿಟ್ಟುಕೊಂಡು ಉಳಿದದ್ದನ್ನು ಕೊಟ್ಟೆ. ಹೊತ್ತುಕೊಂಡು ಹೋಗುವಾಗ ಅದರ ಮೇಲೊಂದು ಟವೆಲ್ ಕೂಡ ಹೊದಿಸಿದೆ, ಬಿಸಿ ಅಡುಗೆ ಕಟ್ಟಿ ಕಳಿಸುವವಳ ಹಾಗೆ.

ಮೂರು ತಿಂಗಳಾದರೂ ಡಬ್ಬಿ ಬರಲಿಲ್ಲ. ಅದರ ಬದಲು ಬಂದದ್ದು ಹಳದಿ ಪೆಟ್ಟಿಗೆಗಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಕಟ್ಟಡದ ಮುಂಬಾಗಿಲ ಪಕ್ಕದ ಗೋಡೆಗೆ ಕಬ್ಬಿಣದ ಹದಿನೆಂಟು ಗೂಡು ಕೂರಿಸುತ್ತಿದ್ದರು. ಫೋನಿನಲ್ಲಿ ಒತ್ತಿದರೆ ಒಂದು ಗೂಡು ತೆರೆಯುತ್ತದೆ, ಒಳಗೆ ಡ್ರಿಲ್ಲೋ ಇಸ್ತ್ರಿ ಪೆಟ್ಟಿಗೆಯೋ ಇರುತ್ತದೆ, ಬಳಸಿ ವಾಪಸು ಇಡುವುದು. ತಂಗಿ ಮಗಳಿಗೆ ಫೋನ್ ಮಾಡಿದೆ.

"ಮೊದಲ ಪೆಟ್ಟಿಗೆ ನಿಮ್ಮಲ್ಲೇ ಇಡೋಣ ಅಂತ ನಾನೇ ಹೇಳಿದೆ ದೊಡ್ಡಮ್ಮ. ಅಲ್ಲಿನೋರಿಗೆ ಅಭ್ಯಾಸ ಇದೆಯಲ್ಲ. ನೀವೇ ಕಲಿಸಿರೋದು."

"ನನ್ನ ಬೀರು?"

"ಅದೂ ಇರ್ಲಿ ಬಿಡಿ. ಯಾರು ಬೇಡ ಅಂದ್ರು."

ಯಾರೂ ಬೇಡ ಎನ್ನಲಿಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೇ. ಹದಿನೈದು ದಿನದಲ್ಲಿ ಹಸಿರು ಬೀರುವಿನ ಮುಂದೆ ಜೇಡ ಬಲೆ ಕಟ್ಟಿತು. ಒಂದು ಮಧ್ಯಾಹ್ನ ಡ್ರೈವಿಂಗ್ ಮೇಷ್ಟ್ರು ಹಳದಿ ಗೂಡಿನಿಂದ ಮಡಚುವ ಏಣಿ ಎಳೆಯುತ್ತಿದ್ದರು. ನಾನು ಸುಮ್ಮನಿರಬಹುದಿತ್ತು. ನನ್ನ ಸ್ವಭಾವ ಸುಮ್ಮನಿರುವಂಥದ್ದಲ್ಲ.

"ಏನ್ರೀ ಮೇಷ್ಟ್ರೇ, ಇವತ್ತು ಮಗಳಿಗೆ ಏನು ಕಟ್ಟಿಕೊಡ್ತಿದೀರಿ?"

ಅವರ ಮುಖ ಪೆಚ್ಚಾಯಿತು. ಏಣಿ ಕೆಳಗಿಟ್ಟರು.

"ಅಕ್ಕ, ಮಗಳು ನನ್ನ ಹತ್ರ ಇಲ್ಲ. ಅವಳಮ್ಮನ ಜೊತೆ ಹೋಗಿ ಒಂಬತ್ತು ವರ್ಷ ಆಯ್ತು. ಏಣಿ ತಗೋತಿದ್ದದ್ದು ನಮ್ಮ ಸ್ಕೂಲಿನ ಬೋರ್ಡ್ ಒರೆಸೋದಕ್ಕೆ."

"ಮತ್ತೆ ನಕ್ಷತ್ರ? ಉಯ್ಯಾಲೆ? ಗಿಣಿ ಗೂಡು?"

"ನೀವು ಖುಷಿಯಾಗಿ ಕೇಳ್ತಿದ್ರಿ. ಬೋರ್ಡ್ ಒರೆಸಿದೆ ಅಂತ ಎಷ್ಟು ಸಲ ಬರೀಲಿ. ಎಲ್ರೂ ಸ್ವಲ್ಪ ಸೇರಿಸೇ ಬರೀತಿದ್ವಿ ಅಕ್ಕ. ಚೀಟಿನೇ ನಿಮ್ಮ ಬಾಡಿಗೆ ಅಂತ ನಾವು ನಾವೇ ಮಾತಾಡ್ಕೋತಿದ್ವಿ." ಆಮೇಲೆ ದನಿ ತಗ್ಗಿಸಿ, "ಇಲ್ಲಿ ಏನೂ ಬರೀಬೇಕಾಗಿಲ್ಲ ನೋಡಿ. ಅದಕ್ಕೇ," ಎಂದರು.

ಮನೆಗೆ ಬಂದು ಕುರ್ಚಿಯಲ್ಲಿ ಕೂತವಳು ಸಂಜೆಯವರೆಗೆ ಏಳಲಿಲ್ಲ. ಎಂಟು ವರ್ಷ ದಿನಾ ಸಂಜೆ ನನ್ನ ಕಿವಿಯ ಮೇಲೆ ಹೂವಿಟ್ಟಿದ್ದರು, ನಾನು ಅದನ್ನು ಮುಡಿದುಕೊಂಡು ಓಡಾಡಿದ್ದೆ. ತಂಗಿ ಮಗಳು ಹೇಳಿದ್ದು ನಿಜವಾಗಿತ್ತು. ಪುಕ್ಕಟೆ, ಹತ್ತಿರ, ಜೊತೆಗೆ ಮುದುಕಿಯೊಬ್ಬಳನ್ನು ಸಮಾಧಾನ ಮಾಡುವ ಸಣ್ಣ ರಗಳೆ. ಡಬ್ಬಿಯ ತುಂಬ ಇದ್ದ ಚೀಟಿಗಳಲ್ಲಿ ಯಾವುದು ನಿಜ ಎಂದು ಲೆಕ್ಕ ಹಾಕಲು ಹೋದೆ. ಖಂಡಿತ ನಿಜ ಎನ್ನಬಹುದಾದದ್ದು ಒಂದೇ ನೆನಪಿಗೆ ಬಂತು. ಅದು ಡಬ್ಬಿಯಲ್ಲಿರಲಿಲ್ಲ, ನನ್ನ ಹತ್ತಿರವೇ ಇತ್ತು. ಅಷ್ಟಾದರೂ ಉಳಿಯಿತಲ್ಲ ಎಂದುಕೊಂಡೆ.

ಮಾರನೆಯ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮ ನಿಲ್ದಾಣದಲ್ಲಿ ಇಳಿದಾಗ ಎದುರಿಗೆ ಆಳೆತ್ತರದ ಪೋಸ್ಟರು. ಕಣ್ಣಿಗೆ ಔಷಧಿ ಹಾಕಿದ್ದರಿಂದ ಮೊದಲು ಮಂಜಾಗಿ ಕಂಡಿತು. ರಟ್ಟಿನ ಬಣ್ಣ, ಒಂದು ದಾರ. ಹತ್ತಿರ ಹೋದೆ. ಓರೆಯಾದ ಅಕ್ಷರ, ಸಾಲಿನ ಕೊನೆಗೆ ಎಳೆದ ಉದ್ದ ಗೆರೆ. 'ಬಾಗಿಲಿಗೆ ಒಳಗಡೆಯಿಂದ ಎರಡನೇ ಚಿಲಕ ಹಾಕಿಕೊಂಡೆ. ಈಗ ನಿದ್ದೆ ಬರುತ್ತೆ.' ಕೆಳಗೆ ದಪ್ಪಕ್ಷರದಲ್ಲಿ, ಕೊಳ್ಳಬೇಡಿ, ಹಂಚಿಕೊಳ್ಳಿ. ಅದರ ಕೆಳಗೆ ಮೊದಲ ಹಳದಿ ಪೆಟ್ಟಿಗೆ ಎಲ್ಲಿದೆ ಎಂದು ನಮ್ಮ ಬೀದಿಯ ಹೆಸರು, ಕಟ್ಟಡದ ಸಂಖ್ಯೆ.

ಅಲ್ಲಿಂದಲೇ ತಂಗಿ ಮಗಳಿಗೆ ಫೋನ್ ಮಾಡಿದೆ.

"ಏನಿದು ಪುಟ್ಟಿ? ಯಾಕೆ?"

ಅವಳನ್ನು ನಾನು ಯಾಕೆ ಎಂದು ಕೇಳಿದ್ದು ಜೀವನದಲ್ಲಿ ಅದೇ ಮೊದಲು.

"ಹೆಸರು ಹಾಕಿಲ್ಲ ದೊಡ್ಡಮ್ಮ. ಯಾರಿಗೂ ಗೊತ್ತಾಗಲ್ಲ. ನಮ್ಮ ಆ್ಯಪ್ ಮುಚ್ಚೋ ಹಾಗಿತ್ತು, ಮೀಟಿಂಗಲ್ಲಿ ಎಲ್ರೂ ಕೈ ಚೆಲ್ಲಿ ಕೂತಿದ್ರು. ನಾನು ಈ ಫೋಟೋ ತೋರ್ಸಿದೆ. ನಮ್ಮ ಬಾಸ್ ಕಣ್ಣಲ್ಲಿ ನೀರು ಬಂತು. ಇಡೀ ಊರಲ್ಲಿ ಎಷ್ಟು ಜನ ಇದನ್ನ ನೋಡಿ ಸೇರ್ತಿದಾರೆ ಗೊತ್ತಾ? ಇದು ಒಳ್ಳೇದಕ್ಕೇ ಆಗಿರೋದು."

"ಯಾರಿಗೂ ತೋರ್ಸಲ್ಲ ಅಂದಿದ್ದೆ."

"ಯಾರು ಬರೆದದ್ದು ಅಂತ ತೋರ್ಸಿಲ್ವಲ್ಲ."

"ಬರಹ ತೋರ್ಸಿದೀಯಲ್ಲೇ. ಹನ್ನೊಂದು ವರ್ಷ ಆ ಬರಹ ಓದಿ ಬಟ್ಟೆ ಕತ್ತರಿಸಿದೋನು ಅವನು. ನಾನೇ ನಿನಗೆ ಹೇಳಿದ್ದೆ."

ಅತ್ತ ಕಡೆ ಅವಳು ಅಯ್ಯೋ ಎಂದದ್ದು ಕೇಳಿತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಎಲ್ಲದಕ್ಕೂ ಯಾಕೆ ಎಂದು ಕೇಳುವ ಹುಡುಗಿ ಈ ಒಂದನ್ನು ಕೇಳಿಕೊಂಡಿರಲಿಲ್ಲ. ಎರಡು ದಿನದಲ್ಲಿ ಎಲ್ಲ ಪೋಸ್ಟರು ತೆಗೆಸುತ್ತೇನೆ ಎಂದು ಅಳುತ್ತಾ ಹೇಳಿದಳು. ತೆಗೆಸಿದಳು ಕೂಡ. ಆದರೆ ಅವು ಅಷ್ಟರಲ್ಲಿ ಹತ್ತು ದಿನದಿಂದ ನಾಲ್ಕು ಊರುಗಳ ಬಸ್ ನಿಲ್ದಾಣದಲ್ಲಿದ್ದವು. ನಂಬಿಸಿ ಕತ್ತು ಕೊಯ್ಯುವವರು ಕತ್ತಿ ಹಿಡಿದುಕೊಂಡು ಬರುವುದಿಲ್ಲ, ಟವೆಲ್ ಹೊದಿಸಿಕೊಟ್ಟದ್ದನ್ನು ಎತ್ತಿಕೊಂಡು ಹೋಗುತ್ತಾರೆ.

ನಾನು ಮೂರನೇ ಮಹಡಿ ಹತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಹತ್ತಲಿ. ಅವಳು ಪೋಸ್ಟರು ನೋಡಿರದಿದ್ದರೆ ಸಾಕು, ಅವನೂ ನೋಡಿರದಿದ್ದರೆ ಸಾಕು ಎಂದು ಬೇಡಿಕೊಂಡು ನಾಲ್ಕು ದಿನ ಕಳೆದೆ.

ಐದನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೆಟ್ಟಿಲು ಗುಡಿಸುತ್ತಿದ್ದೆ. ಒಬ್ಬ ಗಂಡಸು ಹಳದಿ ಪೆಟ್ಟಿಗೆಗಳ ಮುಂದೆ ನಿಂತು ಒಂದೊಂದೇ ಗೂಡು ನೋಡುತ್ತಿದ್ದ. ಐವತ್ತರ ಹತ್ತಿರದವನು. ಗೆರೆ ಮುರಿಯದ ಇಸ್ತ್ರಿ ಅಂಗಿ. ನನ್ನನ್ನು ಕಂಡು ತಲೆ ಬಾಗಿಸಿದ.

"ನಮಸ್ಕಾರ ಅಮ್ಮ. ಇಲ್ಲಿ ಯಾರೋ ಒಬ್ರು ಲೇಡೀಸ್ ಟೈಲರ್ ಇದಾರಂತಲ್ಲ?"

"ಇಲ್ಲಪ್ಪ. ಇಲ್ಲಿ ಯಾವ ಟೈಲರೂ ಇಲ್ಲ."

ಅವನು ಹೌದಾ ಎಂದು ನಕ್ಕ. ಒಳ್ಳೆಯ ನಗು. ಒಳಗೆ ಎರಡು ಮೆಟ್ಟಿಲು ಬಂದು ಕಿಟಕಿಯ ಪರದೆಯನ್ನು ಎರಡು ಬೆರಳಲ್ಲಿ ಹಿಡಿದ. ಅಂಚು ಮಗುಚಿ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ಬೇಕಾಗಲಿಲ್ಲ ಅವನಿಗೆ. ಹೆಬ್ಬೆರಳಿಂದ ಅದರ ಮೇಲೆ ಉದ್ದಕ್ಕೂ ಒಂದು ಸಲ ಸವರಿದ.

"ಒಳ್ಳೆ ಕೈ," ಎಂದ. ಪರದೆಯನ್ನು ಮೊದಲಿನ ಹಾಗೆ ನೆರಿಗೆ ಕೂರಿಸಿ ಬಿಟ್ಟ. "ನಾನು ಬಂದಿದ್ದೆ ಅಂತ ಹೇಳಿ ಅಮ್ಮ. ನನಗೇನೂ ಅವಸರ ಇಲ್ಲ. ಇದೇ ಬೀದಿ ತುದೀಲಿ ರೂಮು ಮಾಡಿದೀನಿ."

ಅವನು ಹೋದ ಮೇಲೂ ನಾನು ಪೊರಕೆ ಹಿಡಿದುಕೊಂಡೇ ನಿಂತಿದ್ದೆ. ಮೇಲಿನಿಂದ ಹೊಲಿಗೆ ಮಷಿನ್ನಿನ ಸದ್ದು ಬರುತ್ತಿತ್ತು. ಅದು ನಿಂತಿತು. ಮತ್ತೆ ಶುರುವಾಗಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಅವಳೇ ಕೆಳಗೆ ಬಂದಳು. ನನ್ನ ಬಾಗಿಲಲ್ಲಿ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ.

"ಸ್ಕ್ರೂಡ್ರೈವರ್ ಬೇಕಿತ್ತು ಅಮ್ಮ. ದೊಡ್ಡದು."

ತಂದುಕೊಟ್ಟೆ. ಪೊಲೀಸರ ಹತ್ತಿರ ನಾನು ಬರುತ್ತೇನೆ ಎಂದೆ. ನಮ್ಮ ಮನೆಯಲ್ಲೇ ಬಂದು ಇರು ಎಂದೆ. ಡ್ರೈವಿಂಗ್ ಮೇಷ್ಟ್ರನ್ನು ಕರೆದು ಬಾಗಿಲಲ್ಲಿ ಕೂರಿಸುತ್ತೇನೆ ಎಂದೆ. ಅವಳು ಎಲ್ಲವನ್ನೂ ಪೂರ್ತಿ ಕೇಳಿದಳು.

"ಪೋಸ್ಟರ್ ನಾನು ಮೊದಲ್ನೇ ದಿನವೇ ನೋಡಿದೆ ಅಮ್ಮ. ನೀವು ಬಂದು ಹೇಳ್ತೀರೇನೋ ಅಂತ ಕಾದೆ."

ಅವಳು ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಅದನ್ನ ಯಾಕೆ ತೋರ್ಸಿದ್ರಿ?"

"ಡಬ್ಬಿಯಲ್ಲಿ ಬೇರೆ ಚೀಟಿ ಜೊತೆ ಸೇರಿಹೋಗಿತ್ತಮ್ಮ. ನನ್ನ ತಂಗಿ ಮಗಳು ಡಬ್ಬಿ ತಗೊಂಡು ಹೋಗೋವಾಗ ನನಗೆ ಗೊತ್ತಾಗ್ಲಿಲ್ಲ."

ಸುಳ್ಳು. ಇಲ್ಲಿ ಬರೆಯುವಾಗಲಾದರೂ ಒಪ್ಪಿಕೊಳ್ಳುತ್ತೇನೆ. ಒಂದು ಹರಟೆಯಲ್ಲಿ ಗೆಲ್ಲಬೇಕಿತ್ತು, ಅದಕ್ಕೆ ತೋರಿಸಿದೆ. ಜನ ನನ್ನ ಹತ್ತಿರ ಬರುವುದು ಪುಕ್ಕಟೆಗಲ್ಲ ಎಂದು ಒಬ್ಬ ಹುಡುಗಿಗೆ ಸಾಧಿಸಿ ತೋರಿಸಬೇಕಿತ್ತು. ಅವಳ ಬಾಗಿಲು, ಅವಳ ಭುಜ, ಅವಳ ನಿದ್ದೆ, ಎಲ್ಲವನ್ನೂ ತೆಗೆದು ನನ್ನ ಹೆಮ್ಮೆಗೆ ಸಾಕ್ಷಿಯಾಗಿ ಮೇಜಿನ ಮೇಲಿಟ್ಟೆ. ತಂಗಿ ಮಗಳು ನನಗೆ ಮಾಡಿದ್ದಕ್ಕೆ ದಿನವೂ ಶಾಪ ಹಾಕುತ್ತೇನೆ. ಆದರೆ ಅವಳು ಕದ್ದದ್ದು ನಾನು ಆಗಲೇ ಕದ್ದು ತಂದಿದ್ದ ಮಾಲನ್ನು.

ಟೈಲರ್ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಬಟ್ಟೆಯ ಗುಣ ನೋಡುವವರು ನೋಡುವಂಥ ನೋಟ ಅದು. ಸರಿ ಅಮ್ಮ, ಎಂದು ಮೇಲೆ ಹೋದಳು.

ಮಾರನೆಯ ಬೆಳಿಗ್ಗೆ ಹಾಲು ತರಲು ಹೊರಟಾಗ ಮೂರನೇ ಮಹಡಿಯ ಬಾಗಿಲು ತೆರೆದು ಗಾಳಿಗೆ ಹೊಡೆದುಕೊಳ್ಳುವುದು ಕೇಳಿಸಿತು. ಹತ್ತಿ ಹೋದೆ. ಕೋಣೆ ಖಾಲಿ. ಹೊಲಿಗೆ ಮಷಿನ್ನು ಗೋಡೆಯ ಪಕ್ಕದಲ್ಲಿ ಹಾಗೇ ಇತ್ತು, ಅದನ್ನು ಹೊತ್ತುಕೊಂಡು ಓಡಲಾಗುವುದಿಲ್ಲ. ನೆಲದಲ್ಲಿ ಒಂದು ದಾರದ ತುಣುಕೂ ಇರಲಿಲ್ಲ, ಗುಡಿಸಿಟ್ಟು ಹೋಗಿದ್ದಳು. ನಮ್ಮವರು ಮಾಡಿದ ಬಾಗಿಲು ಅದು. ಒಳಮೈಯಲ್ಲಿ ಮೇಲಿನ ಚಿಲಕ ಇತ್ತು. ಅದರ ಕೆಳಗೆ ಗೇಣಿನಷ್ಟು ಉದ್ದಕ್ಕೆ ಬಣ್ಣ ಮಾಸದ ಜಾಗ, ಸ್ಕ್ರೂ ಇದ್ದಲ್ಲಿ ಆರು ತೂತು.

ಕೆಳಗಿಳಿದು ಮೆಟ್ಟಿಲ ಕೋಣೆಗೆ ಬಂದೆ. ಸ್ಕ್ರೂಡ್ರೈವರು ಹಸಿರು ಬೀರುವಿನ ಹಿಡಿಗೆ ನೇತಾಡುತ್ತಿತ್ತು, ಅದಕ್ಕೆ ಕಟ್ಟಿದ ಚೀಟಿ ಹೊರಮುಖವಾಗಿ ಎಲ್ಲರಿಗೂ ಕಾಣುವಂತೆ. ಈ ಸಲ ಮಡಚಿರಲಿಲ್ಲ, ನನ್ನೊಬ್ಬಳ ಕೈಗೆ ಕೊಟ್ಟಿರಲಿಲ್ಲ. ಹತಾರ ಒಯ್ದವರು ಚೀಟಿ ಬರೆಯಬೇಕು ಎಂಬ ನನ್ನ ಷರತ್ತನ್ನು ಪಾಲಿಸಿದ್ದಳು, ಅಷ್ಟೇ. ಮೇಷ್ಟ್ರು ಹೇಳಿದ್ದ ಬಾಡಿಗೆ ಎಂಬ ಮಾತು ಆಗ ನನಗೆ ಅರ್ಥವಾಯಿತು.

'ಎರಡನೇ ಚಿಲಕ ಬಿಚ್ಚಿಕೊಂಡೆ.'

ಮೊದಲು ಯಾರೋ ಮಗು ಬರೆದದ್ದು ಎಂದುಕೊಂಡೆ. ಅಕ್ಷರಗಳು ದುಂಡಗೆ, ಒಂದು ದೊಡ್ಡದು ಒಂದು ಚಿಕ್ಕದು, ಪೆನ್ನು ಒತ್ತಿ ರಟ್ಟು ಹರಿಯುವಷ್ಟು. ಓರೆ ಇಲ್ಲ, ಕೊನೆಗೆ ಎಳೆಯುವ ಗೆರೆ ಇಲ್ಲ. ಕಿಟಕಿಯ ಹತ್ತಿರ ತಂದು ನೋಡಿದಾಗ ಬರೆಯುವ ಕೈಯೇ ಉಜ್ಜಿ ಶಾಯಿ ಹರಡಿದ್ದರಿಂದ ತಿಳಿಯಿತು. ಎಡಗೈಯಲ್ಲಿ ಬರೆದಿದ್ದಳು. ಇನ್ನು ಮೇಲೆ ಅವಳು ಎಲ್ಲಿ ಏನು ಬರೆದರೂ ಹೀಗೇ ಬರೆಯುತ್ತಾಳೆ.

ಅವತ್ತು ಸಂಜೆ ಸ್ಕ್ರೂಡ್ರೈವರನ್ನು ಎಣ್ಣೆ ಬಟ್ಟೆಯಿಂದ ಒರೆಸಲು ಕೂತೆ. ನಮ್ಮವರ ಹಾಗೆ, ಇದು ಇವತ್ತು ಒಂದು ಚಿಲಕ ಬಿಚ್ಚಿತು ಎಂದು ಗಟ್ಟಿಯಾಗಿ ಹೇಳಲು ಬಾಯಿ ತೆರೆದೆ. ಬಟ್ಟೆ ಮಡಚಿ ಕೆಳಗಿಟ್ಟೆ. ಬಿಚ್ಚಿದ್ದು ಸ್ಕ್ರೂಡ್ರೈವರು ಅಲ್ಲ.